ಕೈಯೋ ಗಂಟಲೋ

ಈ ಬೀದಿಯೊಂದೇ ಅಲ್ಲ, ಸುತ್ತಲಿನ ಬೀದಿಗಳನ್ನೆಲ್ಲ ಜರಡಿ ಹಿಡಿದರೂ ಕಿವಿಯಣ್ಣನ ಕಿವಿಯಂಥ ಕಿವಿ ಸಿಗುವುದಿಲ್ಲ. ಮೂರನೆಯ ಬೀದಿಯಲ್ಲಿ ಇರುವೆಯೊಂದು ಎಡವಿ ಬಿದ್ದರೆ ಅವನಿಗೆ ಇಲ್ಲಿ ಕೂತಲ್ಲೇ ಕೇಳಿಸುತ್ತಿತ್ತು. ಅದರ ಯಾವ ಕಾಲು ಉಳುಕಿತೆಂದೂ ಹೇಳುತ್ತಿದ್ದ. ಸರಿ, ಇದರಲ್ಲಿ ಅರ್ಧ ಸುಳ್ಳು. ಇರುವೆ ಬಿದ್ದದ್ದು ಎರಡನೆಯ ಬೀದಿಯಲ್ಲಿ. ಆದರೆ ಇಂಥ ಕಿವಿ ಹೊತ್ತು ತಿರುಗುತ್ತಿದ್ದವನು ಸ್ವಂತ ಹೆಂಡತಿಯ ದನಿಯನ್ನೇ ತಿಂಗಳುಗಟ್ಟಲೆ ತಪ್ಪಾಗಿ ಕೇಳಿದ ಎಂಬುದು ಪೂರ್ತಿ ನಿಜ. ಅದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯವೇ ಇಲ್ಲ. ಹಚ್ಚಿದರೆ ಬೇಡ ಎನ್ನುವವರೂ ಯಾರಿಲ್ಲ ಅನ್ನಿ.

ಅವನ ಕಸುಬು ದನಿ ಹಿಡಿಯುವುದು. ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಸ್ಟುಡಿಯೊ. ಒಳಕೋಣೆಯಲ್ಲಿ ಎರಡು ಮೈಕು, ಸುತ್ತ ಗೋಡೆಗೆಲ್ಲ ಹಳೇ ಹಾಸಿಗೆ. ಹೊರಕೋಣೆಯಲ್ಲಿ ಅವನು, ಅವನ ಕುರ್ಚಿ, ಅವನ ಯಂತ್ರಗಳು. ನಡುವೆ ದಪ್ಪ ಗಾಜು. ಗೋಡೆಗೆ ಹಾಸಿಗೆ ಹೊಡೆದು ಮನೆಯವರನ್ನು ನೆಲದ ಮೇಲೆ ಮಲಗಿಸಿದ ಗಂಡಸು ಲೋಕದಲ್ಲಿ ತನ್ನ ಮಗನೊಬ್ಬನೇ ಎಂದು ಅವನ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಯಂತ್ರಗಳಲ್ಲಿ ಅವನ ಜೀವವಿದ್ದದ್ದು ಎರಡರಲ್ಲಿ. ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂತಿದ್ದ, ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರದ ಹಳೆಯ ಪೆಟ್ಟಿಗೆಗಳು ಅವು. ಮೇಲಿನದು ಈಕ್ವಲೈಜರ್. ದನಿಯೊಳಗಿನ ದಪ್ಪವನ್ನು, ನಡುಮಟ್ಟವನ್ನು, ಸಪೂರವನ್ನು ಬೇರೆಬೇರೆಯಾಗಿ ಹಿಡಿದು, ಬೇಕಾದ್ದನ್ನು ಏರಿಸಿ ಬೇಡದ್ದನ್ನು ಇಳಿಸುವುದು ಅದರ ಕೆಲಸ. ಕೆಳಗಿನದು ಕಂಪ್ರೆಸರ್. ಅದಕ್ಕೊಂದು ಗೆರೆ ಹಾಕಿಕೊಡಬೇಕು. ದನಿ ಆ ಗೆರೆ ದಾಟಿ ಏರಿದರೆ ಅದು ತಾನಾಗಿ ಒತ್ತಿ ಇಳಿಸುತ್ತದೆ. ದನಿ ತಗ್ಗಿದ ಮೇಲೆ ಬಿಡುತ್ತದೆ. ಎಷ್ಟು ಬೇಗ ಒತ್ತಬೇಕು, ಎಷ್ಟು ನಿಧಾನವಾಗಿ ಬಿಡಬೇಕು ಎಂಬುದಕ್ಕೂ ನಾಬುಗಳಿದ್ದವು. ತಾಯಿ ಎರಡಕ್ಕೂ ತನ್ನದೇ ಹೆಸರಿಟ್ಟಿದ್ದಳು. ಮೇಲಿನದು ಸಿಂಗಾರದ ಪೆಟ್ಟಿಗೆ, ಕೆಳಗಿನದು ತಲೆ ಮೇಲೆ ಕೈಯಿಡುವ ಪೆಟ್ಟಿಗೆ. ಗಂಡ ಬದುಕಿದ್ದಾಗ ಈ ಕೆಳಗಿನದೊಂದು ಸಿಕ್ಕಿದ್ದರೆ ತನ್ನ ಸಂಸಾರ ಎಷ್ಟು ಸುಖವಾಗಿರುತ್ತಿತ್ತು ಎಂದು ನಿಟ್ಟುಸಿರು ಬಿಡುತ್ತಿದ್ದಳು. ಇದು ಸಿಕ್ಕಿದ್ದರೆ ಸುಖವಾಗಿರುತ್ತಿದ್ದವನು ಗಂಡನೇ ಎಂದು ನೆರೆಯವರು ನಗುತ್ತಿದ್ದರು.

ಕಂಪ್ರೆಸರ್‌ಗೆ ಎಡ ಬಲ ಎಂದು ಎರಡು ಭಾಗ. ಎಡದ್ದು ಒಂದು ಮೈಕಿಗೆ, ಬಲದ್ದು ಇನ್ನೊಂದಕ್ಕೆ. ಎರಡಕ್ಕೂ ಒಂದೊಂದು ಮೀಟರು. ಎಷ್ಟು ಒತ್ತುತ್ತಿದೆ ಎಂಬುದನ್ನು ಅದರ ಮುಳ್ಳು ಬಾಗಿ ತೋರಿಸುತ್ತದೆ. ಬೇರೆಯವರಾಗಿದ್ದರೆ ಆ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದರು. ಕಿವಿಯಣ್ಣ ಹಾಗಲ್ಲ. ಮುಳ್ಳು ನೋಡಲು ಶುರುಮಾಡಿದವನು ಕೇಳುವುದನ್ನು ಬಿಡುತ್ತಾನೆಂದು ಅವನಿಗೆ ಕಸುಬು ಕಲಿಸಿದ ಮೇಷ್ಟ್ರು ಹೇಳಿದ್ದರಂತೆ. ಆವತ್ತಿನಿಂದ ಎರಡೂ ಮೀಟರುಗಳ ಮೇಲೆ ಒಂದು ಕರಿಬಟ್ಟೆ. ಅದನ್ನು ಧೂಳು ಕೊಡವಲು ತೆಗೆದರೂ ಕಣ್ಣು ಪಕ್ಕಕ್ಕೆ ಹೊರಳಿಸುತ್ತಿದ್ದ. ಸ್ನಾನದ ಮನೆಯ ಬಾಗಿಲು ತೆರೆದಿದ್ದರೆ ಮರ್ಯಾದಸ್ಥರು ಹೊರಳಿಸುತ್ತಾರಲ್ಲ, ಹಾಗೆ. ಈ ಪೆಟ್ಟಿಗೆ ಬಂದದ್ದು, ಬಾಗಿಲು ಮುಚ್ಚಿದ ಹಾಡಿನ ಸ್ಟುಡಿಯೊ ಒಂದರಿಂದ. ಹಳೆಯ ಮಾಲೀಕನ ಬೆರಳು ಸವರಿ ಸವರಿ ಅದರ ಮುಖದ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಅದರಿಂದ ಕಿವಿಯಣ್ಣನಿಗೇನೂ ತೊಂದರೆಯಿರಲಿಲ್ಲ, ಯಾವ ನಾಬು ಯಾವುದೆಂದು ಅವನ ಬೆರಳಿಗೆ ಗೊತ್ತಿತ್ತು.

ಇನ್ನೊಂದು ಅವನ ಪದ್ಧತಿಯಿತ್ತು. ದನಿಯನ್ನು ಹಿಡಿದಿಟ್ಟು ಆಮೇಲೆ ತಿದ್ದುವವನಲ್ಲ ಅವನು. ಮೈಕಿನಿಂದ ಬಂದದ್ದು ಈ ಎರಡು ಪೆಟ್ಟಿಗೆಗಳನ್ನು ಹಾಯ್ದೇ ಒಳಗೆ ಹೋಗಬೇಕು. ಹಾಗೆ ಹೋದದ್ದನ್ನು ಮತ್ತೆ ಬಿಡಿಸಿ ನೋಡಲು ಬರುವುದಿಲ್ಲ, ಒತ್ತಿದ್ದು ಒತ್ತಿದ್ದೇ. ಧೈರ್ಯವಿದ್ದವನು ಹೀಗೆ ಕೆಲಸ ಮಾಡುತ್ತಾನೆ ಎಂದು ಅವನು ಹೇಳುತ್ತಿದ್ದ. ಅವನ ಧೈರ್ಯದ ವಿಷಯ ಮುಂದೆ ಬರುತ್ತದೆ.

ರೇಡಿಯೊದವರಿಗೆ ಅವನು ವಾರಕ್ಕೊಂದು ನಾಟಕ ಮಾಡಿಕೊಡುತ್ತಿದ್ದ. ಒಂದು ಮನೆ, ಒಂದು ಅಡುಗೆಮನೆ, ಅದರಲ್ಲಿ ಒಬ್ಬಳು ಅತ್ತೆ ಒಬ್ಬಳು ಸೊಸೆ. ಕಥೆ ಅಷ್ಟೇ, ಆದರೆ ಕೇಳದ ಮನೆಯಿರಲಿಲ್ಲ. ಮೊದಲು ಅತ್ತೆಯ ಪಾತ್ರ ಮಾಡಲು ಬಂದಾಕೆ ಬೈದರೆ ಜೋಗುಳ ಹಾಡಿದಂತಿರುತ್ತಿತ್ತು. ಒಂದು ದಿನ ಕಿವಿಯಣ್ಣನ ತಾಯಿ ಊಟದ ಡಬ್ಬಿ ತಂದವಳು, ಹೊತ್ತು ಮೀರಿದರೂ ಮಗ ಉಂಡಿಲ್ಲವೆಂದು ಸಿಟ್ಟಾಗಿ, ಒಳಕೋಣೆಗೇ ಹೋಗಿ ಮೈಕಿನ ಮುಂದೆ ನಿಂತು ಅವನ ಜನ್ಮ ಜಾಲಾಡಿದಳು. ಯಂತ್ರ ಓಡುತ್ತಿತ್ತು. ರೇಡಿಯೊದ ಮ್ಯಾನೇಜರು ಅದನ್ನು ಕೇಳಿ, ಇಷ್ಟು ದಿನ ಈ ಹೆಂಗಸನ್ನು ಯಾಕೆ ಬಚ್ಚಿಟ್ಟಿದ್ದೆ ಎಂದು ಇವನನ್ನೇ ಗದರಿ, ಅತ್ತೆಯ ಪಾತ್ರವನ್ನು ಅವಳಿಗೇ ಕೊಡಿಸಿದರು. ಸೊಸೆಯಾಗಿದ್ದ ಹುಡುಗಿ ಪರವೂರಿಗೆ ಹೋದ ಮೇಲೆ ಆ ಜಾಗಕ್ಕೆ ಅವನು ಹೆಂಡತಿಯನ್ನೇ ಕರೆದ.

ಹೆಂಡತಿ ಆಗ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಳು. ಅವಳು ಬಾಯಿ ತೆರೆದರೆ ನಿಲ್ದಾಣದ ಆ ತುದಿಯಲ್ಲಿ ಗೊರಕೆ ಹೊಡೆಯುತ್ತಿದ್ದವನು ಎದ್ದು ಕೂರುತ್ತಿದ್ದ. ತನ್ನದಲ್ಲದ ಬಸ್ಸನ್ನೂ ಹತ್ತಿಬಿಡುತ್ತಿದ್ದ. ಅಂಥ ಕೆಲಸವನ್ನು ಅವಳು ಗಂಡ ಕೇಳಿದನೆಂದು ಬಿಟ್ಟು ಬಂದಳು. ನಿಲ್ದಾಣದ ಅಭ್ಯಾಸ, ಮೈಕಿನಿಂದ ಒಂದು ಮೊಳ ದೂರ ನಿಂತೇ ಮಾತಾಡುವಳು. ಅತ್ತೆಯೋ ಮೈಕನ್ನು ನುಂಗುವ ಹಾಗೆ ತುಟಿ ತಾಗಿಸಿ ಮಾತಾಡುವಳು.

ನಾಟಕದ ಹೆಸರು ಎದ್ದುಬಿಟ್ಟಿತು. ಬೀದಿಯಲ್ಲಿ ತಾಯಿ ನಡೆದರೆ ಜನ ದಾರಿ ಬಿಡುತ್ತಿದ್ದರು. ಬಸ್ಸಿನಲ್ಲಿ ವಯಸ್ಸು ನೋಡಿ ಅಲ್ಲ, ಭಯಕ್ಕೆ ಸೀಟು ಕೊಡುತ್ತಿದ್ದರು. ಅವಳಿಗೆ ಇದಕ್ಕಿಂತ ಸುಖ ಇನ್ನೊಂದಿರಲಿಲ್ಲ. ಹೆಂಡತಿಗೆ ಸಿಕ್ಕಿದ್ದು ಬೇರೆ. ತರಕಾರಿಯವಳು ಅವಳ ಚೀಲಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕಿ ಕಣ್ಣು ಒರೆಸಿಕೊಂಡಳು. ಕೆಳಗಿನ ದರ್ಜಿ, ಏನೇ ಕಷ್ಟವಿದ್ದರೂ ತನ್ನನ್ನು ಅಣ್ಣ ಅಂತ ತಿಳಿದುಕೋ ಎಂದ. ಪಾಪ, ಪಾಪ, ಪಾಪ, ದಾರಿಯುದ್ದಕ್ಕೂ ಇದೇ. ಮೊದಮೊದಲು ನಕ್ಕಳು. ಆಮೇಲೊಂದು ಸಂಜೆ ಅಂಗಡಿಯೊಂದರಲ್ಲಿ ಸಾಬೂನು ಕೊಳ್ಳುತ್ತಿದ್ದಾಗ ರೇಡಿಯೊದಲ್ಲಿ ನಾಟಕ ಬಂತು. ಅವಳು ಮೊದಲ ಸಲ ನಾಲ್ಕು ಜನರ ನಡುವೆ ನಿಂತು ತನ್ನನ್ನು ಕೇಳಿದಳು.

ಅತ್ತೆ ಗುಡುಗಿ ಮುಗಿಸುತ್ತಿದ್ದಳು. ಸೊಸೆ ಉತ್ತರ ಶುರುಮಾಡುತ್ತಿದ್ದಳು. ಶುರುವಿನ ಒಂದೆರಡು ಮಾತು ಬಾವಿಯ ತಳದಿಂದ ಬಂದಂತೆ ಬಂದು, ಆಮೇಲೆ ದನಿ ಮೆಲ್ಲಗೆ ಮೇಲೇರುತ್ತಿತ್ತು. ‘ಇಲ್ಲ ಅತ್ತೆ’ ಎಂಬಲ್ಲಿ ‘ಇಲ್ಲ’ ಮುಳುಗಿ ‘ಅತ್ತೆ’ ತೇಲುತ್ತಿತ್ತು. ಹೆದರಿ, ಉಗುಳು ನುಂಗಿ, ಹೇಗೋ ಧೈರ್ಯ ತಂದುಕೊಳ್ಳುವ ಹೆಣ್ಣಿನ ದನಿ ಅದು. ಅಂಗಡಿಯವನು ನಾಲಗೆ ಲೊಚಗುಟ್ಟಿದ. ಅವಳು ಸಾಬೂನು ಅಲ್ಲೇ ಬಿಟ್ಟು ಮಹಡಿ ಹತ್ತಿದಳು.

“ಒಂದು ಮಾತು ಕೇಳ್ತೀನಿ, ಸುತ್ತಿಬಳಸದೆ ಹೇಳ್ಬೇಕು,” ಎಂದಳು. “ಅತ್ತೆ ಮಾತು ಮುಗಿಸಿದ ಕೂಡ್ಲೆ ನನ್ನ ದನಿ ಕೆಳಗೆ ಹೋಗುತ್ತೆ. ಅದು ನಿಮ್ಮ ಕೈಯಾ, ನನ್ನ ಗಂಟಲಾ?”

ಕಿವಿಯಣ್ಣನಿಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ತಾಯಿಯನ್ನು ಮೇಲೆ ಮಾಡಿ ಹೆಂಡತಿಯನ್ನು ಕೆಳಗೆ ಮಾಡುವ ಗಂಡಸು ತಾನೆಂದು ಅವಳು ಅಂದುಕೊಂಡಿದ್ದಾಳಲ್ಲ. ತಾಯಿಯನ್ನೂ ಮಹಡಿಗೆ ಕರೆಸಿ ಹೆಂಡತಿಯೆದುರಿಗೇ ಪರೀಕ್ಷೆಗೆ ನಿಂತ. ಮೈಕು ಅದಲುಬದಲು ಮಾಡಿದ. ವೈರು ಬದಲಿಸಿದ. ಅತ್ತೆಯನ್ನು ಬಲಕ್ಕೆ, ಸೊಸೆಯನ್ನು ಎಡಕ್ಕೆ ಕೂರಿಸಿದ. ಕಂಪ್ರೆಸರಿನ ಗೆರೆಯನ್ನು ಏರಿಸಿದ, ಇಳಿಸಿದ. ಎಷ್ಟು ತಿರುಗಿಸಿದರೂ ಅದೇ ಕಥೆ. ಅತ್ತೆ ನಿಲ್ಲಿಸಿದಲ್ಲಿ ಸೊಸೆ ಮುಳುಗುತ್ತಿದ್ದಳು. ಬದಲಾಯಿಸದೆ ಉಳಿದದ್ದು ಇಬ್ಬರು ಮನುಷ್ಯರು ಮಾತ್ರ ಎಂದು ಅವನು ಲೆಕ್ಕ ಹಾಕಿದ. ಅಂದಮೇಲೆ ತಪ್ಪು ಮನುಷ್ಯರದ್ದೇ. ಅವನಿಗೆ ಬೇಸರವಾಯಿತು, ಒಳಗೊಳಗೇ ಸಮಾಧಾನವೂ ಆಯಿತು.

“ಗಂಟಲೇ ಕಣೇ,” ಎಂದ, ಆದಷ್ಟು ಮೆತ್ತಗೆ. “ಅಮ್ಮನ ಮುಂದೆ ಯಾರಿಗಾದ್ರೂ ಹಾಗಾಗುತ್ತೆ, ನನಗೂ ಆಗುತ್ತೆ. ನಿನಗೆ ಗೊತ್ತಾಗಲ್ಲ, ನನಗೆ ಕೇಳಿಸುತ್ತೆ.”

ಅವಳು ಮಾತಾಡಿ ಗೆಲ್ಲುವುದಾದರೂ ಹೇಗೆ. ಅವನದು ಊರೇ ಮೆಚ್ಚಿದ ಕಿವಿ.

ಅಲ್ಲಿಂದ ಮುಂದೆ ಅವಳು ಗಂಟಲು ಹರಿದುಕೊಳ್ಳತೊಡಗಿದಳು. ಒಳಕೋಣೆಯಲ್ಲಿ ಹಾಸಿಗೆಗಳೇ ಕಿತ್ತುಬರಬೇಕು, ಅಂಥ ದನಿ. ಆದರೂ ಹೊರಗೆ ಬರುವಷ್ಟರಲ್ಲಿ ಆ ಮೊದಲ ಮಾತುಗಳಿಗೆ ಸೊಂಟ ಮುರಿದಿರುತ್ತಿತ್ತು. ತನ್ನ ಕಿವಿ ಕಿವುಡಾಗುವಂತೆ ಕೂಗುವವಳು ರೇಡಿಯೊದಲ್ಲಿ ಬೆಕ್ಕಿನ ಮರಿಯಾಗುವುದು ಯಾವ ಮಾಯೆ ಎಂದು ಅತ್ತೆಯೂ ಕೇಳಿದಳು. ಕಿವಿಯಣ್ಣ ಕನಿಕರದಿಂದ ಈಕ್ವಲೈಜರಿಗೆ ಕೈಹಾಕಿದ. ಹೆಂಡತಿಯ ದನಿಯ ಸಪೂರವನ್ನು ಒಂದಿಷ್ಟು ಏರಿಸಿದ, ದಪ್ಪವನ್ನು ಕೊರೆದ, ಮಾತು ಮೊನಚಾಗಿ ಮುಂದೆ ಬರಲೆಂದು. ಮುಂದೆ ಬರಲಿಲ್ಲ, ತೆಳ್ಳಗಾಯಿತು. ತನ್ನ ಗಂಟಲಿಗೆ ತಗಡು ಹೊಡೆದಿದ್ದೀರಾ ಎಂದು ಅವಳು ಕೇಳಿದಳು. ಅಷ್ಟೇ ಅವಳು ಕೇಳಿದ್ದು.

ಅವನನ್ನು ಹೆದರಿಸಿದ್ದು ನಾಟಕವಲ್ಲ, ಮನೆ. ಮೊದಲೆಲ್ಲ ಅತ್ತೆ ಏನಾದರೂ ಅಂದರೆ ಹೆಂಡತಿ ಪಟ್ಟನೆ ತಿರುಗಿಸಿ ಕೊಡುತ್ತಿದ್ದಳು. ಇಬ್ಬರೂ ಜಗಳವಾಡಿಕೊಂಡೇ ಒಂದೇ ತಟ್ಟೆಯಲ್ಲಿ ಅವರೆಕಾಯಿಯೋ ಮತ್ತೊಂದೋ ಬಿಡಿಸುತ್ತ ಕೂರುತ್ತಿದ್ದರು. ಈಗ ಅವಳು ಉತ್ತರ ಕೊಡುವ ಮೊದಲು ಒಂದು ಗಳಿಗೆ ನಿಲ್ಲುತ್ತಿದ್ದಳು. ತನ್ನ ದನಿ ಕೆಳಗೆ ಹೋಗುತ್ತದೋ ಎಂದು ತಾನೇ ಕಿವಿಗೊಟ್ಟು, ಅದನ್ನು ಕಾಯುತ್ತ ಮಾತಾಡುತ್ತಿದ್ದಳು. ಹಾಗೆ ಕಾಯುವಾಗ ದನಿ ನಿಜಕ್ಕೂ ಕೆಳಗೆ ಹೋಗುತ್ತಿತ್ತು. ಪೆಟ್ಟಿಗೆಯಲ್ಲಿ ಕೇಳಿಸುತ್ತಿದ್ದದ್ದು ಅಡುಗೆಮನೆಗೆ ಬಂದು ಕೂತಿತ್ತು. ಕಿವಿಯಣ್ಣ ಅದನ್ನು ಕೇಳಿದ. ತಾನು ಹೇಳಿದ್ದೇ ಸರಿ ಎಂಬುದಕ್ಕೆ ಇದೂ ಒಂದು ಗುರುತೆಂದು ತಿಳಿದ. ನೋಡಿ, ಅಷ್ಟು ದೊಡ್ಡ ಕಿವಿ.

ನಾಟಕ ಕೊನೆಯ ಕಂತಿಗೆ ಬಂತು. ಅದರಲ್ಲಿ ಸೊಸೆ ಒಬ್ಬಳೇ ಉದ್ದಕ್ಕೆ ಮಾತಾಡುತ್ತಾಳೆ. ಇಷ್ಟು ದಿನ ನುಂಗಿದ್ದನ್ನೆಲ್ಲ ಹೇಳುತ್ತಾಳೆ. ಅತ್ತೆಗೆ ಕಟ್ಟಕಡೆಗೆ ಒಂದೇ ಒಂದು ಸಾಲು. ಅದೇ ವಾರ ಬಸ್ ನಿಲ್ದಾಣದ ಮೇಲ್ವಿಚಾರಕರು ಹೆಂಡತಿಗೆ ಫೋನು ಮಾಡಿದ್ದರು. ಅವಳ ಜಾಗದಲ್ಲಿ ಇಟ್ಟಿದ್ದ ಯಂತ್ರದ ದನಿ ಉತ್ತರಕ್ಕೆ ಹೋಗುವ ಬಸ್ಸನ್ನು ದಕ್ಷಿಣಕ್ಕೆ ಕಳಿಸುತ್ತಿತ್ತಂತೆ. ವಾಪಸ್ಸು ಬರುತ್ತೀಯಾ, ಶನಿವಾರ ಸಂಜೆ ಹೇಳಿಬಿಡು ಎಂದಿದ್ದರು.

ಅವಳು ಗಂಡನಿಗೆ ಹೇಳಿದಳು: ಈ ಕೊನೆಯ ಮಾತಿನಲ್ಲಿ ಅತ್ತೆ ನಡುವೆ ಬಾಯಿ ಹಾಕುವುದಿಲ್ಲ. ಇಲ್ಲೂ ತನ್ನ ದನಿ ಮುಳುಗಿದರೆ ಅದು ತನ್ನ ಗಂಟಲೇ ಸರಿ, ಅತ್ತೆ ಎದುರಿಗಿದ್ದರೆ ಸಾಕು ತಾನು ಅರ್ಧ ಹೆಂಗಸು. ಹಾಗಾದರೆ ನಿಲ್ದಾಣಕ್ಕೆ ಹೋಗುತ್ತೇನೆ, ಇನ್ನು ಈ ಮೈಕಿನ ಮುಂದೆ ಕೂರುವುದಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಕಿವಿಯಣ್ಣ ಏನಾದರೂ ಅನ್ನುತ್ತಿದ್ದ. ಅಂಗಡಿಗೆ ಹೋಗಿಬರುತ್ತೇನೆ ಎನ್ನುವ ಹಾಗೆ ಹೇಳಿದಳು.

ಶನಿವಾರ ಮಧ್ಯಾಹ್ನ ಮೂವರೂ ಮಹಡಿ ಹತ್ತಿದರು. ತಾಯಿಗೆ ನೆಗಡಿ, ಕೆಮ್ಮು. ಒಂದು ಸಾಲಿಗೆ ಯಾಕೆ ಕೂರುತ್ತೀ, ಕೊನೆಗೆ ಕರೆಯುತ್ತೇನೆ ಎಂದು ಮಗ ಹೇಳಿದರೆ ಅವಳು ಕೇಳಲಿಲ್ಲ. ತಾನಿಲ್ಲದೆ ಸೊಸೆ ಯಾರಿಗೆ ಹೇಳಬೇಕು, ಗೋಡೆಯ ಹಾಸಿಗೆಗೆ ಹೇಳಬೇಕಾ ಎಂದು ತನ್ನ ಮೈಕಿಗೆ ಮೂಗು ತಾಗಿಸಿ ಕೂತಳು.

ಹೆಂಡತಿ ಶುರುಮಾಡಿದಳು. ಗಾಜಿನ ಈಚೆ ಕಿವಿಯಣ್ಣ ಕಣ್ಣು ಮುಚ್ಚಿ ಕೂತಿದ್ದ. ಚೆನ್ನಾಗಿ ಹೋಗುತ್ತಿತ್ತು. ನಡುವೆ ತಾಯಿಗೆ ಕೆಮ್ಮು ಬಂತು. ತಡೆದಳು, ಸೆರಗು ಬಾಯಿಗೆ ತುರುಕಿದಳು, ಕೊನೆಗೆ ತಡೆಯಲಾರದೆ ಮೈಕಿನ ಮೇಲೇ ಕೆಮ್ಮಿದಳು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಕಿವಿಯಣ್ಣ ಕಣ್ಣು ತೆರೆದ. ನಿಲ್ಲಿಸಲು ಕೈ ಎತ್ತಿದವನು ಹೆಂಡತಿಯ ಮುಖ ನೋಡಿ ಸುಮ್ಮನಾದ. ಅವಳ ಕತ್ತಿನ ನರ ಉಬ್ಬಿತ್ತು, ಕೆಮ್ಮಿನ ಮೇಲೆ ಏರಿ ಮಾತಾಡುತ್ತಿದ್ದಳು. ತಾಯಿಯ ಮೈಕಿನದನ್ನು ಆಮೇಲೆ ತೆಗೆದುಹಾಕಿದರಾಯಿತು ಎಂದುಕೊಂಡ.

ಮುಗಿದ ಮೇಲೆ ಮೂವರೂ ಹೊರಕೋಣೆಯಲ್ಲಿ ಕೂತು ಕೇಳಿದರು. ತಾಯಿಯ ಮೈಕನ್ನು ಮುಚ್ಚಿ ಹೆಂಡತಿಯದನ್ನು ಮಾತ್ರ ಹಾಕಿದ. ಗಟ್ಟಿಯಾಗಿ ಬರುತ್ತಿದ್ದ ದನಿ ಒಂದು ಕಡೆ ಧೊಪ್ಪೆಂದು ಕುಸಿಯಿತು, ಮೆಲ್ಲಗೆ ಎದ್ದಿತು. ಮುಂದೆ ಇನ್ನೊಂದು ಕಡೆ ಮತ್ತೆ ಕುಸಿಯಿತು. ಕಿವಿಯಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡದ್ದು ಅವನಿಗೆ ಕೇಳಿಸಿತು. ಬಾಗಿಲ ತನಕ ಹೋಗಿ ನಿಂತದ್ದೂ ಕೇಳಿಸಿತು.

“ರೀ,” ಎಂದಳು. “ಅದು ಅತ್ತೆ ಕೆಮ್ಮಿದ ಜಾಗ ಅಲ್ವಾ?”

“ಹೌದು.”

“ಮಾತಿಗೆ ಹೆದರಬಹುದು. ಕೆಮ್ಮಿಗೆ ಯಾರು ಹೆದರ್ತಾರೆ? ನನಗಲ್ಲಿ ನಗು ಬಂದಿತ್ತು. ನಗು ತಡೆಯೋಕೆ ಇನ್ನೂ ಜೋರಾಗಿ ಹೇಳ್ದೆ. ಜೋರಾಗಿ ಹೇಳಿದ ಕಡೆಯೇ ಕೆಳಗೆ ಹೋಗಿದೆ.”

ತಾಯಿ ಮೂಗು ಒರೆಸಿಕೊಂಡು, ತನ್ನ ಕೆಮ್ಮಿಗೆ ಹೆದರುವ ಸೊಸೆಯನ್ನು ಪಡೆಯುವಷ್ಟು ಪುಣ್ಯ ತಾನು ಮಾಡಿಲ್ಲವೆಂದಳು.

ಕಿವಿಯಣ್ಣ ಹೆಂಡತಿಯ ಕತ್ತಿನ ನರ ಉಬ್ಬಿದ್ದನ್ನು ತಾನೇ ಕಂಡಿದ್ದ; ಅದೇ ಗಳಿಗೆಯಲ್ಲಿ ದನಿ ಕುಸಿದದ್ದನ್ನು ತಾನೇ ಕೇಳಿದ. ಎರಡೂ ಒಂದೇ ಗಂಟಲಿನಿಂದ ಬರಲಾರವು. ಎದ್ದ. ಎಂದೂ ಮಾಡದ ಕೆಲಸ ಮಾಡಿದ, ಕಂಪ್ರೆಸರಿನ ಮೇಲಿನ ಕರಿಬಟ್ಟೆ ತೆಗೆದು ಮುಳ್ಳುಗಳನ್ನು ದಿಟ್ಟಿಸಿದ. ಇಬ್ಬರನ್ನೂ ಮತ್ತೆ ಒಳಗೆ ಕಳಿಸಿ, ಹೆಂಡತಿಗೆ ಉಸಿರೆತ್ತಬೇಡ ಎಂದು, ತಾಯಿಗೆ ಕೆಮ್ಮು ಎಂದ. ಬೇಕಾದಾಗ ಎಲ್ಲಿ ಬರುತ್ತದೆ ಅದು. ತಾಯಿ ಗಂಟಲು ಕೆರೆದಳು, ಎದೆ ಗುದ್ದಿಕೊಂಡಳು, ಆಗಲಿಲ್ಲ. ಸಿಟ್ಟು ಬಂದು ಮಗನನ್ನೂ ಅವನ ಪೆಟ್ಟಿಗೆಯನ್ನೂ ಸೇರಿಸಿ ಬೈದಳು. ಅಷ್ಟು ಸಾಕಾಗಿತ್ತು. ಅವಳ ಕಡೆಯ ಮುಳ್ಳು ತಲೆ ಬಾಗಿಸಿತು. ತುಟಿ ಬಿಗಿದು ನಿಂತಿದ್ದ ಹೆಂಡತಿಯ ಕಡೆಯ ಮುಳ್ಳೂ ಅದರ ಜೊತೆಜೊತೆಗೇ ಅಷ್ಟೇ ಬಾಗಿಸಿತು. ತಾಯಿ ನಿಲ್ಲಿಸಿದಳು, ಎರಡೂ ಒಟ್ಟಿಗೆ, ನಿಧಾನವಾಗಿ ತಲೆ ಎತ್ತಿದವು.

ಅವನ ಬೆರಳು ಎರಡು ಮೀಟರುಗಳ ನಡುವೆ ಹುಡುಕಾಡಿತು. ಅಕ್ಷರ ಅಳಿಸಿದ ಜಾಗದಲ್ಲಿ, ಮುಖಕ್ಕೆ ಸಮನಾಗಿ ಒಳಗೆ ಕೂತಿದ್ದ ಒಂದು ಪುಟ್ಟ ಗುಂಡಿ. ಏನದು ಎಂದು ಅವನಿಗೆ ತಟ್ಟನೆ ಗೊತ್ತಾಯಿತು. ಗೊತ್ತಿಲ್ಲದ್ದೇನಲ್ಲ, ಅವನ ಕಸುಬಿನವರಿಗೆಲ್ಲ ಗೊತ್ತು. ಹಾಡು ಹಿಡಿಯುವಾಗ ಎಡವೂ ಬಲವೂ ಒಟ್ಟಿಗೇ ಬಾಗಿ ಒಟ್ಟಿಗೇ ಏಳಬೇಕೆಂದು ಎರಡನ್ನೂ ಗಂಟು ಹಾಕುವ ಗುಂಡಿ. ಹಳೆಯ ಮಾಲೀಕ ಒತ್ತಿಟ್ಟಿದ್ದು, ಹಾಗೆಯೇ ಉಳಿದಿತ್ತು. ಅತ್ತೆ ಮೈಕು ನುಂಗಿ ಗೆರೆ ದಾಟಿದಾಗೆಲ್ಲ ಪೆಟ್ಟಿಗೆ ಅವಳ ತಲೆಯ ಮೇಲೆ ಕೈಯಿಡುತ್ತಿತ್ತು, ಅದೇ ಬೀಸಿನಲ್ಲಿ ಸೊಸೆಯ ತಲೆಯ ಮೇಲೂ. ಕೈ ತೆಗೆಯುವುದು ನಿಧಾನ. ಅವನೇ ಹಾಗೆ ಇಟ್ಟಿದ್ದ. ಅಷ್ಟರಲ್ಲಿ ಸೊಸೆ ಬಾಯಿ ತೆರೆದಿರುತ್ತಿದ್ದಳು. ಮೈಕು ಬದಲಿಸಿದರೇನು, ಎಡಬಲ ಬದಲಿಸಿದರೇನು, ಗಂಟು ಇದ್ದಲ್ಲೇ ಇತ್ತು.

ಒತ್ತಿದ. ಟಿಕ್ ಎಂದು ಗುಂಡಿ ಹೊರಗೆ ಬಂತು. ತಾಯಿ ಇನ್ನೂ ಗೊಣಗುತ್ತಿದ್ದಳು, ಅವಳ ಕಡೆಯ ಮುಳ್ಳೊಂದೇ ಬಾಗುತ್ತಿತ್ತು.

ಅವನು ಕೂಡಲೇ ಯಾರನ್ನೂ ಕರೆಯಲಿಲ್ಲ. ಈಕ್ವಲೈಜರಿನ ಮುಂದೆ ನಿಂತು, ಹೆಂಡತಿಯ ದನಿಗೆಂದು ತಾನು ಏರಿಸಿದ್ದನ್ನು ಇಳಿಸಿದ, ಕೊರೆದದ್ದನ್ನು ತುಂಬಿದ, ಎಲ್ಲ ನಾಬನ್ನೂ ನೆಟ್ಟಗೆ ನಡುವಿಗೆ ತಂದ. ಕಿವಿ ತಪ್ಪು ಮಾಡಿರಲಿಲ್ಲ. ದನಿ ಕುಸಿಯುವುದನ್ನು ಅದು ವಾರವಾರವೂ ಸರಿಯಾಗಿಯೇ ಕೇಳಿತ್ತು. ಆದರೆ ಯಾಕೆ ಎಂಬುದಕ್ಕೆ ಉತ್ತರ ಅವನಲ್ಲಿ ಮೊದಲೇ ತಯಾರಿತ್ತು: ಸೊಸೆಯಲ್ಲವೇ, ಅತ್ತೆಯ ಮುಂದೆ ತಗ್ಗುತ್ತಾಳೆ. ಅದೇ ತಾಯಿಯ ದನಿ ಹಾಗೆ ಮುಳುಗಿದ್ದರೆ ಅವನು ಅರ್ಧ ಗಳಿಗೆಯಲ್ಲಿ ಪೆಟ್ಟಿಗೆಯ ಹೊಟ್ಟೆ ಬಗೆದು ನೋಡುತ್ತಿದ್ದ. ಹೆಂಡತಿಯದಾದ್ದರಿಂದ ಕನಿಕರಪಟ್ಟ. ಅವನಿಗೆ ನಾಚಿಕೆಯಾದದ್ದು ಗುಂಡಿಗಲ್ಲ, ಆ ಕನಿಕರಕ್ಕೆ.

ಇಬ್ಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದ. ಮತ್ತೊಮ್ಮೆ ಹಿಡಿದರು. ತಾಯಿ ಈ ಸಲವೂ ಕೆಮ್ಮಿದಳು, ಯಾವ ದನಿಯೂ ಅದಕ್ಕೆ ಬಾಗಲಿಲ್ಲ. ಕೇಳಲು ಕೂತಾಗ ಕೋಣೆ ತುಂಬ ಹೆಂಡತಿಯ ದನಿ, ಮೊದಲ ಮಾತಿನಿಂದಲೇ ತುಂಬಿದ ಕೊಡದ ಹಾಗೆ. ತಾಯಿ ಬಾಯಿಗೆ ಸೆರಗು ಹಿಡಿದು ಕೊನೆಯವರೆಗೂ ಅಲುಗದೆ ಕೇಳಿದಳು.

“ಇಷ್ಟು ದಿನ ರೇಡಿಯೊದಲ್ಲಿ ನಾನು ಗಾಳಿ ಜೊತೆ ಜಗಳ ಆಡ್ತಿದ್ದೆ ಅನ್ನು,” ಎಂದಳು ಕಡೆಗೆ. “ಆಗ್ಲೇ ಹೀಗೆ ಕೇಳಿಸಿದ್ರೆ ನಾನೂ ಇನ್ನಷ್ಟು ಚೆನ್ನಾಗಿ ಬೈತಿದ್ದೆ ಕಣೇ.”

ಕಿವಿಯಣ್ಣ ಅದನ್ನು ರೇಡಿಯೊದವರಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಫೋನು. ಹೆಂಗಸರಿಬ್ಬರಿಗೂ ಕೇಳಲೆಂದು ಅವನು ಸ್ಪೀಕರ್ ಹಾಕಿದ. ಹೊಗಳಲು ಮಾಡಿದ್ದಾರೆ ಎಂದುಕೊಂಡಿದ್ದ. ಅವರು ಗಾಬರಿಯಾಗಿದ್ದರು. ಇದ್ಯಾವ ಸೊಸೆ, ಜನ ಅಳುವುದು ಆ ಅಳುಕಿಗೆ, ಆ ಮೊದಲ ಮಾತು ನುಂಗುವುದೇ ಇವಳ ನಟನೆಯ ಜೀವ. ಹಿಂದಿನ ವಾರದವರೆಗೆ ಹೇಗೆ ಮಾಡುತ್ತಿದ್ದೆಯೋ ಹಾಗೇ ಮಾಡಿ ಕಳಿಸು, ಸೊಸೆ ಒಂಚೂರು ತಗ್ಗಲಿ ಎಂದರು. ಕಿವಿಯಣ್ಣನಿಗೆ ಅದೇನು ಕಷ್ಟವಲ್ಲ. ಗುಂಡಿಗೆ ಒಂದು ಬೆರಳು, ಇನ್ನೊಂದು ಸಲ ಓದಿಸುವುದು. ಬೇಡ ಎಂದರೆ ಮುಂದಿನ ನಾಟಕ ಬೇರೆ ಸ್ಟುಡಿಯೊಗೆ ಹೋದೀತು ಎಂಬುದನ್ನೂ ಅವರು ನಗುನಗುತ್ತಲೇ ಸೇರಿಸಿದರು.

ಅವನು ಗುಂಡಿಯ ಕಡೆ ನೋಡಿದ. ನೋಡಿದ್ದನ್ನು ಹೆಂಡತಿ ನೋಡಿದಳು.

“ಈಗ ಗಂಟಲಿನ ಮಾತಿಲ್ಲ,” ಎಂದಳು. “ಇನ್ನೇನಿದ್ರೂ ಕೈಯದ್ದೇ.”

ಕಿವಿಯಣ್ಣ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ದನಿ ಹೇಗಿದೆಯೋ ಹಾಗೇ ಕಳಿಸಿದ್ದೇನೆ, ಇನ್ನೊಂದು ಕಳಿಸುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿ ಫೋನು ಇಟ್ಟ. ಅವನ ಧೈರ್ಯದ ವಿಷಯ ಬರುತ್ತದೆ ಎಂದದ್ದು ಇದೇ. ಹಣೆಯಲ್ಲಿ ಬೆವರು ಮೂಡಿ ಒಂದು ಕೆರೆಯಾಗುವಷ್ಟಿತ್ತು, ಆದರೂ ಧೈರ್ಯ ಧೈರ್ಯವೇ. ಇನ್ನು ಹೆಂಡತಿ ನಗುತ್ತಾಳೆ ಎಂದು ಕಾದ.

ಅವಳು ನಗಲಿಲ್ಲ. ಸಿಟ್ಟೂ ಇರಲಿಲ್ಲ.

“ಆ ಗುಂಡಿ ಒತ್ತಿದ್ದು ನೀವಲ್ಲ, ಯಾರೋ. ಅದಕ್ಕೆ ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಗಂಟಲು ಅಂದಿದ್ದು ನೀವು. ನಿನಗೆ ಗೊತ್ತಾಗಲ್ಲ ನನಗೆ ಕೇಳಿಸುತ್ತೆ ಅಂದ್ರಿ. ಅದು ಒಳಗೆ ಹೋಗಿ ಕೂತಿದೆ. ಅದನ್ನ ಹೊರಗೆ ತೆಗೆಯೋ ಗುಂಡಿ ಎಲ್ಲಿದೆ, ಹೇಳಿ.”

ಕಿವಿಯಣ್ಣ ಯೋಚಿಸಿದ. ಸಮಾಧಾನದ ಮಾತು ನಾಲಗೆಯ ತುದಿಗೆ ಬಂತು. ನಾಲ್ಕೈದು ಬಂದವು, ಯಾವುದೂ ಮೈಕಿನ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ.

“ನನಗೆ ಗೊತ್ತಿಲ್ಲ ಕಣೇ,” ಎಂದ.

ದನಿಯ ವಿಷಯದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದನ್ನು ತಾಯಿ ಹೆತ್ತಂದಿನಿಂದ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸಂಜೆಯಾಗಿತ್ತು, ನಿಲ್ದಾಣದ ಮೇಲ್ವಿಚಾರಕರು. ಸೊಸೆ ಫೋನಿಗೆ ಕೈಹಾಕುವ ಮುಂಚೆ ಅತ್ತೆ ಅವಳ ಮೊಣಕೈ ಹಿಡಿದು, ನೀನು ಹೋದರೆ ನಾನು ಯಾರ ಜೊತೆ ಜಗಳವಾಡಲಿ ಎಂದಳು. ಒಂದು ಉಸಿರು ತೆಗೆದುಕೊಂಡು, ಆದರೆ ಆ ನಿಲ್ದಾಣದಲ್ಲಿ ಜನ ತಪ್ಪು ಬಸ್ಸು ಹತ್ತುತ್ತಿದ್ದಾರಲ್ಲ, ಅದೂ ಪಾಪವೇ ಎಂದಳು. ಮುದುಕಿಗೂ ಎತ್ತ ಎಳೆಯಬೇಕೆಂದು ತಿಳಿಯದ ಗಳಿಗೆ ಇರುತ್ತದೆ, ತಪ್ಪೇನಿಲ್ಲ. ಮಗ ಯಾವ ಕಡೆಗೂ ಎಳೆಯಲಿಲ್ಲ.

ಹೆಂಡತಿ ಕಿಟಕಿಯ ಹತ್ತಿರ ಹೋಗಿ ಫೋನು ಕಿವಿಗಿಟ್ಟಳು. ಬರುತ್ತೀಯಾ ಇಲ್ಲವಾ ಎಂದು ಆ ಕಡೆಯವರು ಕೇಳಿದ್ದು ಇಬ್ಬರಿಗೂ ಕೇಳಿಸಿತು. ಅವಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಅತ್ತೆಯ ಎದುರಿಗೇ, ಗಂಡನ ಎದುರಿಗೇ, ಕೆಳಗಿನ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡುವ ಹಾಗೆ, ಮೊದಲ ಮಾತನ್ನೇ ತುಂಬು ಗಂಟಲಲ್ಲಿ ಹೇಳಿದಳು.

ಬರ್ತೀನಿ ಎಂದಳೋ, ಬರೋದಿಲ್ಲ ಎಂದಳೋ? ಅವಳನ್ನು ಇಷ್ಟು ಹೊತ್ತು ಕೇಳಿದ್ದೀರಲ್ಲ, ನೀವೇ ಹೇಳಿ ನೋಡೋಣ.